ಹೊತ್ತಿಗೆ ಮುನ್ನ ಬಂದ ಬಿಸಿ: ಲೇಸರ್ ಸಮ್ಮಿಲನದ ಒಂದು ತೊಡಕು

ಹತ್ತನೆಯ ತರಗತಿಯಲ್ಲಿ ಸೂರ್ಯನ ಶಕ್ತಿಯ ಮೂಲವನ್ನು ಕುರಿತು ಪಾಠ ಹೇಳುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. ಸೂರ್ಯನಲ್ಲಿ ನಡೆಯುವಂಥ ದಹನವನ್ನು ಭೂಮಿಯ ಮೇಲೆ ಹೊತ್ತಿಸಲು ವಿಜ್ಞಾನಿಗಳು ಮೊದಲು ಇಂಧನವನ್ನು ಹೆಪ್ಪುಗಟ್ಟಿಸುತ್ತಾರೆಂದು ನಾನು ಹೇಳಿದ್ದೆನು. “ಸರ್, ಉರಿಯಬೇಕಾದದ್ದನ್ನು ಅಷ್ಟು ತಣ್ಣಗೆ ಮಾಡುವುದೇಕೆ? ಮೊದಲೇ ಸ್ವಲ್ಪ ಕಾಸಿಟ್ಟುಕೊಂಡರೆ ಕೆಲಸ ಹಗುರವಾಗುವುದಿಲ್ಲವೆ?” ಎಂದು ಅವಳು ಕೇಳಿದಳು. ಪ್ರಶ್ನೆ ಸಹಜವಾದದ್ದೇ. ಸ್ನಾನದ ನೀರು ಬೇಗ ಕಾಯಲೆಂದು ಹಂಡೆಯನ್ನು ಬಿಸಿಲಿನಲ್ಲಿಡುವ ಮನೆಗಳನ್ನು ನಾವೆಲ್ಲರೂ ನೋಡಿದ್ದೇವೆ.

ಗಂಟೆ ಬಾರಿಸುವಷ್ಟರಲ್ಲಿ ನಾನು ಕೊಟ್ಟದ್ದು ಅರ್ಧ ಉತ್ತರ. ಉಳಿದ ಅರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ. ಅವಳು ಕೇಳಿದ ಈ ಒಂದು ಮಾತಿನ ಸುತ್ತ ಜಗತ್ತಿನ ದೊಡ್ಡ ಪ್ರಯೋಗಶಾಲೆಗಳು ಅರ್ಧ ಶತಮಾನ ಶ್ರಮಿಸಿವೆ; ಹೊತ್ತಿಗೆ ಮುನ್ನ ಬಂದ ಬಿಸಿಯಿಂದಾಗಿ ಮಹಾಯಂತ್ರಗಳ ಎಣಿಕೆಗಳು ತಪ್ಪಿವೆ.

ಇಂಧನವೂ ಅದರ ಗುಂಡೂ

ಜಲಜನಕಕ್ಕೆ ಮೂರು ರೂಪಗಳುಂಟು. ಸಾಮಾನ್ಯ ಜಲಜನಕದ ಬೀಜದಲ್ಲಿ ಇರುವುದು ಒಂದು ಪ್ರೋಟಾನ್ ಮಾತ್ರ. ಅದರೊಡನೆ ಒಂದು ನ್ಯೂಟ್ರಾನ್ ಸೇರಿದರೆ ಡ್ಯೂಟೀರಿಯಂ, ಎರಡು ಸೇರಿದರೆ ಟ್ರೀಷಿಯಂ. ಡ್ಯೂಟೀರಿಯಂ ಸಮುದ್ರದ ನೀರಿನಿಂದ ದೊರೆಯುತ್ತದೆ. ಟ್ರೀಷಿಯಮನ್ನು ಲಿಥಿಯಂ ಲೋಹದಿಂದ ತಯಾರಿಸಿಕೊಳ್ಳಬಹುದು. ಡ್ಯೂಟೀರಿಯಂ ಮತ್ತು ಟ್ರೀಷಿಯಂ ಬೀಜಗಳು ಒಂದುಗೂಡಿದಾಗ ಒಂದು ಹೀಲಿಯಂ ಬೀಜವೂ ಒಂದು ನ್ಯೂಟ್ರಾನೂ ಹುಟ್ಟುತ್ತವೆ. ಜೊತೆಗೆ 17.6 ದಶಲಕ್ಷ ಎಲೆಕ್ಟ್ರಾನ್-ವೋಲ್ಟ್ ಶಕ್ತಿ ಬಿಡುಗಡೆಯಾಗುತ್ತದೆ. ಇದರಲ್ಲಿ 14.1 ದಶಲಕ್ಷವನ್ನು ನ್ಯೂಟ್ರಾನ್ ಹೊತ್ತೊಯ್ಯುತ್ತದೆ, 3.5 ದಶಲಕ್ಷ ಹೀಲಿಯಂ ಬೀಜದ ಪಾಲಿಗೆ ಬರುತ್ತದೆ. ಹೀಲಿಯಮಿನ ಈ ಪಾಲನ್ನು ನೆನಪಿನಲ್ಲಿಡಿ. ಮುಂದೆ ಅದರ ಅಗತ್ಯ ಬೀಳುತ್ತದೆ.

ಎರಡು ಬೀಜಗಳೂ ಧನವಿದ್ಯುತ್ತುಳ್ಳವು. ಆದುದರಿಂದ ಒಂದನ್ನೊಂದು ದೂಡುತ್ತವೆ. ಈ ವಿರೋಧವನ್ನು ಮೀರಿ ಅವು ಸೇರಬೇಕಾದರೆ ಬಹಳ ವೇಗದಿಂದ ಚಲಿಸುತ್ತಿರಬೇಕು, ಎಂದರೆ ಇಂಧನದ ಉಷ್ಣತೆ ಹಲವು ಕೋಟಿ ಡಿಗ್ರಿಗಳಿಗೆ ಏರಬೇಕು. ಅಂಥ ಉಷ್ಣತೆಯನ್ನು ತಾಳುವ ಪಾತ್ರೆ ಯಾವುದೂ ಇಲ್ಲ. ಸೂರ್ಯನಲ್ಲಾದರೋ ಅವನ ಅಗಾಧವಾದ ಗುರುತ್ವವೇ ಪಾತ್ರೆ. ನಮಗಿರುವ ಉಪಾಯಗಳು ಎರಡು. ಇಂಧನವನ್ನು ಕಾಂತಬಲದಿಂದ ಕಟ್ಟಿ ಹಿಡಿಯುವುದು ಒಂದು. ಅದು ಚೆದರುವ ಮೊದಲೇ ಸಮ್ಮಿಲನದ ಕೆಲಸವನ್ನು ಮುಗಿಸಿಬಿಡುವುದು ಇನ್ನೊಂದು. ಲೇಸರ್ ಸಮ್ಮಿಲನವೆಂಬುದು ಈ ಎರಡನೆಯ ಉಪಾಯ.

1960ರಲ್ಲಿ ಅಮೆರಿಕದ ಥಿಯೋಡೋರ್ ಮೈಮನ್ ಮೊದಲ ಲೇಸರನ್ನು ಬೆಳಗಿಸಿದನು. 1972ರಲ್ಲಿ ಕ್ಯಾಲಿಫೋರ್ನಿಯದ ಲಿವರ್‌ಮೋರ್ ಪ್ರಯೋಗಶಾಲೆಯ ಜಾನ್ ನಕಲ್ಸ್ ಮತ್ತು ಅವನ ಸಂಗಡಿಗರು, ಲೇಸರ್ ಕಿರಣಗಳಿಂದ ಇಂಧನವನ್ನು ಸಾವಿರಾರು ಪಟ್ಟು ಒತ್ತಿ ಕುಗ್ಗಿಸಿ ಹೊತ್ತಿಸಬಹುದೆಂಬ ವಿಚಾರವನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು.

ಇಂದಿನ ಪ್ರಯೋಗಗಳಲ್ಲಿ ಬಳಸುವ ಇಂಧನದ ಗುಂಡು ದಪ್ಪ ಸಾಸಿವೆ ಕಾಳಿನಷ್ಟಿರುತ್ತದೆ. ಅಡ್ಡಳತೆ ಸುಮಾರು 2 ಮಿಲಿಮೀಟರು. ಹೊರಗೆ ಪ್ಲಾಸ್ಟಿಕ್ ಅಥವಾ ವಜ್ರದ ಚಿಪ್ಪು. ಅದರ ಒಳಮೈಗೆ ಅಂಟಿಕೊಂಡಂತೆ ಡ್ಯೂಟೀರಿಯಂ-ಟ್ರೀಷಿಯಂ ಹಿಮದ ಪದರ. ಅದರ ದಪ್ಪ ಒಂದು ಕೂದಲೆಳೆಯಷ್ಟು. ಈ ಹಿಮದ ಉಷ್ಣತೆ ಸೊನ್ನೆಗಿಂತ ಕೆಳಗೆ ಸುಮಾರು 255 ಡಿಗ್ರಿ ಸೆಲ್ಸಿಯಸ್. ಈ ಗುಂಡನ್ನು ಸುಮಾರು ಒಂದು ಸೆಂಟಿಮೀಟರು ಉದ್ದದ ಕೊಳವೆಯಂಥ ಚಿನ್ನದ ಗೂಡಿನೊಳಗೆ ತೂಗಹಾಕುತ್ತಾರೆ. ಲೇಸರ್ ಕಿರಣಗಳು ಎರಡು ತುದಿಗಳಿಂದ ಒಳಹೊಕ್ಕು ಗೂಡಿನ ಗೋಡೆಗೆ ಬಡಿದಾಗ ಚಿನ್ನವು ಕ್ಷ-ಕಿರಣಗಳನ್ನು ಸೂಸುತ್ತದೆ. ಆ ಕಿರಣಗಳ ತಾಪಕ್ಕೆ ಚಿಪ್ಪಿನ ಹೊರಮೈ ಆವಿಯಾಗಿ ಹೊರಕ್ಕೆ ಸಿಡಿಯುತ್ತದೆ. ಕಿಡಿಗಳು ಕೆಳಕ್ಕೆ ಚಿಮ್ಮಿದಾಗ ದೀಪಾವಳಿಯ ರಾಕೆಟ್ಟು ಮೇಲಕ್ಕೆ ಹಾರುವಂತೆ, ಹೊರಮೈ ಹೊರಕ್ಕೆ ಸಿಡಿದಾಗ ಉಳಿದ ಭಾಗ ಒಳಕ್ಕೆ ನುಗ್ಗುತ್ತದೆ. ಅದರ ವೇಗ ಸೆಕೆಂಡಿಗೆ 350 ಕಿಲೋಮೀಟರಿಗೂ ಮಿಗಿಲು. ಮುಂಬಯಿಯಿಂದ ಪುಣೆಯನ್ನು ಅರ್ಧ ಸೆಕೆಂಡಿನೊಳಗೆ ಮುಟ್ಟಬಲ್ಲ ವೇಗ. ಗೂಡಿಲ್ಲದೆ ಕಿರಣಗಳನ್ನು ನೇರವಾಗಿ ಗುಂಡಿನ ಮೇಲೆಯೇ ಬಿಡುವ ಕ್ರಮವೂ ಉಂಟು. ಅಲ್ಲಿಯೂ ತತ್ತ್ವ ಇದೇ.

ತಂಪಿನ ಲೆಕ್ಕ

ಈಗ ಮೂಲ ಪ್ರಶ್ನೆಗೆ ಬರೋಣ. ಸೈಕಲ್ಲಿಗೆ ಗಾಳಿ ಹೊಡೆಯುವ ಪಂಪಿನ ಬಾಯನ್ನು ಹೆಬ್ಬೆರಳಿನಿಂದ ಮುಚ್ಚಿ ಹಿಡಿಯನ್ನು ಒತ್ತಿ ನೋಡಿ. ಒತ್ತಿದಷ್ಟೂ ಒಳಗಿನ ಗಾಳಿ ಬಿಸಿಯಾಗುತ್ತದೆ. ಬಿಸಿಯಾದಷ್ಟೂ ಹಿಂದಕ್ಕೆ ದೂಡುತ್ತದೆ. ಒಳಗಿನ ಗಾಳಿ ಮೊದಲೇ ಬಿಸಿಯಾಗಿದ್ದರೆ ಅದು ಮೊದಲಿನಿಂದಲೇ ಹೆಚ್ಚು ಬಲದಿಂದ ಎದುರು ನಿಲ್ಲುತ್ತದೆ.

ಇದಕ್ಕೆ ಒಂದು ಸರಳವಾದ ಲೆಕ್ಕವುಂಟು. ಒಂಟಿ ಪರಮಾಣುಗಳ ಆದರ್ಶಾನಿಲವನ್ನು, ಶಾಖ ಒಳಹೊಗದಂತೆಯೂ ಹೊರಹೋಗದಂತೆಯೂ ನೋಡಿಕೊಂಡು, 1000 ಪಟ್ಟು ಕುಗ್ಗಿಸಿದರೆ ಅದರ ನಿರಪೇಕ್ಷ ಉಷ್ಣತೆ 100 ಪಟ್ಟು ಏರುತ್ತದೆ. ಆರಂಭದ ಉಷ್ಣತೆ 10 ಪಟ್ಟು ಹೆಚ್ಚಿದ್ದರೆ ಕೊನೆಯ ಉಷ್ಣತೆಯೂ 10 ಪಟ್ಟು, ಅಷ್ಟೇ ಕುಗ್ಗಿಸಲು ಬೇಕಾದ ಒತ್ತಡವೂ 10 ಪಟ್ಟು ಹೆಚ್ಚುತ್ತದೆ. ಆದರೆ ನಮ್ಮ ಲೇಸರಿನ ಬಲಕ್ಕೆ ಒಂದು ಮಿತಿಯುಂಟು. ಅದೇ ಒತ್ತಡದಿಂದಲೇ ಕೆಲಸ ಮಾಡಬೇಕಾದರೆ, 10 ಪಟ್ಟು ಕಾದ ಇಂಧನವು ತಂಪಾದ ಇಂಧನ ಮುಟ್ಟುವ ಸಾಂದ್ರತೆಯ ಕಾಲು ಭಾಗವನ್ನು ಮಾತ್ರ ಮುಟ್ಟುತ್ತದೆ. ಹಿಮದ ಇಂಧನ ಆದರ್ಶಾನಿಲವಲ್ಲ. ಆದರೂ ಲೆಕ್ಕದ ದಿಕ್ಕು ಇದೇ.

ಇನ್ನೊಂದು ಲೆಕ್ಕ ಇನ್ನೂ ಸ್ವಾರಸ್ಯವಾದದ್ದು. ಒಂದು ಗ್ರಾಂ ಇಂಧನವನ್ನು 10 ಕೋಟಿ ಡಿಗ್ರಿಗೆ ಕಾಸಲು ಸುಮಾರು 100 ಕೋಟಿ ಜೂಲ್ ಶಕ್ತಿ ಬೇಕು. ಅದೇ ಒಂದು ಗ್ರಾಮನ್ನು, ಆದಷ್ಟು ತಂಪಾಗಿಯೇ ಇಟ್ಟುಕೊಂಡು, ಸಾವಿರ ಪಟ್ಟು ಕುಗ್ಗಿಸಲು ಒಂದೂವರೆ ಕೋಟಿ ಜೂಲಿನೊಳಗೇ ಸಾಕು. ಕುಗ್ಗಿಸುವುದು ಅಗ್ಗ, ಕಾಸುವುದು ದುಬಾರಿ ಎಂದಾಯಿತು. ಆದುದರಿಂದ ಜಾಣನಾದವನು ಎಲ್ಲ ಇಂಧನವನ್ನೂ ಕಾಸಲು ಹೋಗುವುದಿಲ್ಲ. ಎಲ್ಲವನ್ನೂ ತಂಪಾಗಿ ಕುಗ್ಗಿಸಿ, ನಟ್ಟನಡುವಿನ ಒಂದು ಚುಕ್ಕೆಯನ್ನು ಮಾತ್ರ ಕಾಯಿಸುತ್ತಾನೆ. ಆ ಚುಕ್ಕೆಯಲ್ಲಿ ಸಮ್ಮಿಲನ ಆರಂಭವಾದಾಗ ಹುಟ್ಟುವ ಹೀಲಿಯಂ ಬೀಜಗಳು ಸುತ್ತಲಿನ ದಟ್ಟವಾದ ಇಂಧನದಲ್ಲಿ ಸಿಕ್ಕಿ ನಿಂತು, ತಮ್ಮ ಶಕ್ತಿಯನ್ನು ಅದಕ್ಕೆ ಕೊಡುತ್ತವೆ. ಕರ್ಪೂರದ ಒಂದು ಮೂಲೆಗೆ ತಾಗಿಸಿದ ಕಿಡಿ ಇಡೀ ಬಿಲ್ಲೆಗೆ ಹಬ್ಬುವಂತೆ ಉರಿ ತಾನಾಗಿ ಹಬ್ಬುತ್ತದೆ. ಇಂಧನ ಸಾಕಷ್ಟು ದಟ್ಟವಾಗಿಲ್ಲದಿದ್ದರೆ ಹೀಲಿಯಂ ಬೀಜಗಳು ನಿಲ್ಲದೆ ಹೊರಕ್ಕೆ ಪಾರಾಗುತ್ತವೆ, ಕಿಡಿ ಆರಿಹೋಗುತ್ತದೆ.

ನಾಗರಪಂಚಮಿಗೆ ಅರಳು ಹುರಿಯುವುದನ್ನು ನೋಡಿರುವವರಿಗೆ ಇದು ಹೊಸದಲ್ಲ. ಹಂಚು ಚೆನ್ನಾಗಿ ಕಾದ ಮೇಲೆಯೇ ಜೋಳವನ್ನು ಹಾಕಬೇಕು. ಆಗ ಕಾಳಿನೊಳಗಿನ ತೇವ ಒಮ್ಮೆಗೇ ಉಗಿಯಾಗಿ ಕಾಳು ಅರಳುತ್ತದೆ. ತಣ್ಣನೆಯ ಹಂಚಿನಲ್ಲಿ ಹಾಕಿ ನಿಧಾನವಾಗಿ ಕಾಸಿದರೆ ಉಗಿ ಸದ್ದಿಲ್ಲದೆ ಸೋರಿಹೋಗಿ ಕಾಳು ಗಟ್ಟಿಯಾಗಿ ಉಳಿಯುತ್ತದೆ. ಅರಳುವುದು ಹಿಗ್ಗುವ ಕೆಲಸ, ಇಂಧನದ್ದು ಕುಗ್ಗುವ ಕೆಲಸ. ಈ ಭೇದವನ್ನು ಮರೆಯಬಾರದು. ಆದರೆ ಹೊತ್ತಿಗೆ ಮುನ್ನ ಬಂದ ಬಿಸಿಯಿಂದ ಕೆಲಸ ಕೆಡುವುದು ಎರಡರಲ್ಲಿಯೂ ಒಂದೇ.

ಬಿಸಿ ಒಳನುಸುಳುವ ದಾರಿಗಳು

ಬೇಡದ ಈ ಬಿಸಿ ಬರುವುದಾದರೂ ಎಲ್ಲಿಂದ? ಮುಖ್ಯವಾಗಿ ನಾಲ್ಕು ದಾರಿಗಳಿಂದ.

ಮೊದಲನೆಯದು ಲೇಸರಿನ ಸೋರಿಕೆ. ಲೇಸರಿನ ಮಹಾಕಿರಣವು ಒಂದು ಸಣ್ಣ ಬೆಳಕಾಗಿ ಹುಟ್ಟಿ, ಗಾಜಿನ ವರ್ಧಕಗಳ ಸಾಲನ್ನು ದಾಟುತ್ತ ಬಲಿಯುತ್ತದೆ. ಶಕ್ತಿ ತುಂಬಿ ನಿಂತ ಈ ಗಾಜುಗಳು ತಾವೇ ತಾವಾಗಿ ಸ್ವಲ್ಪ ಬೆಳಕನ್ನು ಸೂಸುತ್ತವೆ. ಆ ಮಂದ ಬೆಳಕು ಮುಖ್ಯ ಕಿರಣಕ್ಕಿಂತ ಮುಂಚೆ ಗುರಿಯನ್ನು ತಲಪಿದರೆ ಅದರ ಮೈಯನ್ನು ಕೆಡಿಸಿಬಿಡುತ್ತದೆ. ಇದನ್ನು ತಡೆಯಲು, ವಿದ್ಯುತ್ತಿನಿಂದ ಕ್ಷಣಮಾತ್ರದಲ್ಲಿ ತೆರೆದು ಮುಚ್ಚುವ ಬೆಳಕಿನ ಬಾಗಿಲುಗಳನ್ನು ದಾರಿಯಲ್ಲಿ ಇಡುತ್ತಾರೆ.

ಎರಡನೆಯದು ಆಘಾತ ತರಂಗ. ಗುಂಡಿಗೆ ಮೊದಲ ಪೆಟ್ಟೇ ಪೂರ್ಣ ಬಲದಿಂದ ಬಿದ್ದರೆ, ಆ ಪೆಟ್ಟಿನ ಅಲೆಯೇ ಇಂಧನವನ್ನು ಕಾಯಿಸುತ್ತದೆ. ಆದುದರಿಂದ ಕಿರಣದ ಬಲವನ್ನು ಮೆಲ್ಲನೆ ಆರಂಭಿಸಿ ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾರೆ. ಒಂದರ ಹಿಂದೆ ಒಂದರಂತೆ ಮೂರು ನಾಲ್ಕು ಆಘಾತ ತರಂಗಗಳು ಹೊರಡುತ್ತವೆ. ಹಿಂದಿನದು ಮುಂದಿನದಕ್ಕಿಂತ ವೇಗವಾಗಿ ಸಾಗುತ್ತದೆ. ಇವೆಲ್ಲವೂ ಹಿಮದ ಪದರದ ಒಳಮೈಯ ಬಳಿಯಲ್ಲಿಯೇ ಒಂದುಗೂಡಬೇಕು. ಹಿಮದ ಒಳಗೇ ಕೂಡಿಕೊಂಡರೆ ಅದು ಕಾದುಹೋಗುತ್ತದೆ. ಇಡೀ ವ್ಯವಹಾರ ಮುಗಿಯುವುದು ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಹತ್ತಿಪ್ಪತ್ತು ಪಾಲಿನಷ್ಟು ಕಾಲದಲ್ಲಿ. ಅಂಥ ಒಂದು ಪಾಲಿನಲ್ಲಿ ಬೆಳಕು ಕೂಡ ಒಂದು ಅಡಿ ಮಾತ್ರ ಸಾಗುತ್ತದೆಂದರೆ ಕಾಲದ ಸೂಕ್ಷ್ಮತೆಯನ್ನು ಊಹಿಸಬಹುದು.

ಮೂರನೆಯದು ಬಿಸಿ ಎಲೆಕ್ಟ್ರಾನುಗಳು. ನಾಲ್ಕನೆಯದು ಚಿನ್ನದ ಗೂಡಿನಿಂದ ಬರುವ ತೀಕ್ಷ್ಣವಾದ ಕ್ಷ-ಕಿರಣಗಳು. ಮೂರನೆಯದರ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ.

‘ಶಿವ’ ಕಲಿಸಿದ ಪಾಠ

1977ರಲ್ಲಿ ಲಿವರ್‌ಮೋರಿನಲ್ಲಿ ಒಂದು ದೊಡ್ಡ ಲೇಸರ್ ಸಿದ್ಧವಾಯಿತು. ಅದಕ್ಕೆ 20 ಕಿರಣಗಳು. ಅನೇಕ ತೋಳುಗಳುಳ್ಳ ದೇವರ ನೆನಪಿನಿಂದ ಅಲ್ಲಿಯವರು ಅದಕ್ಕೆ ‘ಶಿವ’ ಎಂದು ಹೆಸರಿಟ್ಟರು. ಅದರ ಬೆಳಕು ಕಣ್ಣಿಗೆ ಕಾಣದ ಅವಕೆಂಪು ಬೆಳಕು, ತರಂಗದೂರ 1.06 ಮೈಕ್ರಾನ್. ಒಂದು ಮಿಡಿತಕ್ಕೆ ಸುಮಾರು 10,000 ಜೂಲ್ ಶಕ್ತಿಯನ್ನು ಅದು ಕೊಡಬಲ್ಲದಾಗಿತ್ತು.

ಗುರಿಯಿಂದ ಆವಿಯಾಗಿ ಎದ್ದ ವಸ್ತುವು ಎಲೆಕ್ಟ್ರಾನುಗಳೂ ಬೀಜಗಳೂ ಬೇರ್ಪಟ್ಟ ಪ್ಲಾಸ್ಮಾ ಆಗಿರುತ್ತದೆ. ಎಣಿಸಿದ್ದ ಕ್ರಮ ಹೀಗೆ: ಬೆಳಕು ಈ ಪ್ಲಾಸ್ಮಾದ ಎಲೆಕ್ಟ್ರಾನುಗಳನ್ನು ಕುಲುಕುತ್ತದೆ, ಅವು ಬೀಜಗಳಿಗೆ ಡಿಕ್ಕಿ ಹೊಡೆಯುತ್ತವೆ, ಬೆಳಕಿನ ಶಕ್ತಿ ಎಲ್ಲರಿಗೂ ಸಮನಾಗಿ ಶಾಖವಾಗಿ ಹಂಚಿಹೋಗುತ್ತದೆ. ಆದರೆ ನಡೆದದ್ದು ಬೇರೆ. ಅವಕೆಂಪು ಬೆಳಕು ಪ್ಲಾಸ್ಮಾದ ದಟ್ಟವಾದ ಭಾಗಕ್ಕೆ ಇಳಿಯಲಾರದೆ ತೆಳುವಾದ ಭಾಗದಲ್ಲಿಯೇ ನಿಂತುಬಿಡುತ್ತದೆ. ಅಲ್ಲಿ ಡಿಕ್ಕಿಗಳು ವಿರಳ. ಶಾಖವಾಗಿ ಹಂಚಿಹೋಗಬೇಕಾದ ಶಕ್ತಿಯ ಒಂದು ಪಾಲು ಪ್ಲಾಸ್ಮಾದಲ್ಲಿ ಅಲೆಗಳನ್ನು ಎಬ್ಬಿಸಿತು. ಕೆಲವೇ ಎಲೆಕ್ಟ್ರಾನುಗಳು ಆ ಅಲೆಗಳ ಮೇಲೇರಿ, ಕಡಲ ತೆರೆಯ ಮೇಲೇರಿದ ಹಲಗೆಯಂತೆ, ಮಹಾವೇಗವನ್ನು ಪಡೆದವು. ಇವೇ ಬಿಸಿ ಎಲೆಕ್ಟ್ರಾನುಗಳು.

ಎಲೆಕ್ಟ್ರಾನಿನ ವೇಗ ಹೆಚ್ಚಿದಷ್ಟೂ ಅದು ದಾರಿಯಲ್ಲಿ ನಿಲ್ಲುವುದು ಕಡಿಮೆ. ಹತ್ತಾರು ಸಾವಿರ ಎಲೆಕ್ಟ್ರಾನ್-ವೋಲ್ಟ್ ಶಕ್ತಿಯುಳ್ಳ ಇವು ಚಿಪ್ಪನ್ನು ಸೀಳಿಕೊಂಡು ತಂಪಾದ ಇಂಧನದೊಳಗೆ ಹೊಕ್ಕವು. ಒತ್ತುವ ಕೆಲಸ ಮುಗಿಯುವುದಕ್ಕೆ ಬಹಳ ಮುಂಚೆಯೇ ಇಂಧನ ಬಿಸಿಯಾಯಿತು. ‘ಶಿವ’ನ ಹಣೆಗಣ್ಣು ಹೊತ್ತಿಗೆ ಮುನ್ನ ತೆರೆದುಕೊಂಡಿತು ಎನ್ನಬಹುದು. ದ್ರವ ಇಂಧನದ ನೂರು ಪಟ್ಟಿನ ಆಸುಪಾಸಿನ ಸಾಂದ್ರತೆ ಸಿಕ್ಕಿತಾದರೂ ಸಾವಿರ ಪಟ್ಟಿನ ಗುರಿ ದೂರವೇ ಉಳಿಯಿತು. ಇದೇ ಕಾಲದಲ್ಲಿ ಲಾಸ್ ಅಲಮೋಸ್ ಪ್ರಯೋಗಶಾಲೆಯವರು 10.6 ಮೈಕ್ರಾನ್ ತರಂಗದೂರದ ಇಂಗಾಲಾಮ್ಲ ಅನಿಲದ ಲೇಸರುಗಳನ್ನು ಕಟ್ಟುತ್ತಿದ್ದರು. ಅವುಗಳ ಬೆಳಕು ಇನ್ನೂ ತೆಳುವಾದ ಪ್ಲಾಸ್ಮಾದಲ್ಲಿ ನಿಲ್ಲುತ್ತಿದ್ದುದರಿಂದ ಬಿಸಿ ಎಲೆಕ್ಟ್ರಾನುಗಳ ಕಾಟ ಅಲ್ಲಿ ಇನ್ನೂ ಉಗ್ರವಾಗಿತ್ತು. 1980ರ ದಶಕದಲ್ಲಿ ಆ ದಾರಿಯನ್ನೇ ಕೈಬಿಡಬೇಕಾಯಿತು.

ಹಾಗಾದರೆ ಪರಿಹಾರವೇನು? ಲೇಸರಿನ ಬಲವನ್ನು ಹೆಚ್ಚಿಸುವುದೇ? ಅಲ್ಲ, ಅದರ ಬಣ್ಣವನ್ನು ಬದಲಿಸುವುದು. ತರಂಗದೂರ ಮೂರರಲ್ಲಿ ಒಂದು ಪಾಲಾದರೆ ಬೆಳಕು ಒಂಬತ್ತು ಪಟ್ಟು ದಟ್ಟವಾದ ಪ್ಲಾಸ್ಮಾದವರೆಗೆ ಇಳಿಯಬಲ್ಲದು. ಅಲ್ಲಿ ಡಿಕ್ಕಿಗಳು ಹೇರಳ. ಶಕ್ತಿ ಶಾಖವಾಗಿ ಹಂಚಿಹೋಗುತ್ತದೆ. ಅಲೆಗಳು ಬಲಿಯಲು ಅವಕಾಶ ಕಡಿಮೆ. ಈ ಬಣ್ಣದ ಬದಲಾವಣೆಯನ್ನು ಮಾಡುವುದು ಪೊಟ್ಯಾಸಿಯಂ ಡೈಹೈಡ್ರೊಜನ್ ಫಾಸ್ಫೇಟ್ ಎಂಬ ಲವಣದ ಹರಳು. ನೀವು ಪಟಿಕದ ದ್ರಾವಣದಲ್ಲಿ ದಾರ ಇಳಿಬಿಟ್ಟು ಹರಳು ಬೆಳೆಸುತ್ತೀರಲ್ಲವೆ? ಇದೂ ಹಾಗೆಯೇ ನೀರಿನ ದ್ರಾವಣದಲ್ಲಿ ಬೆಳೆಯುವ ಹರಳು; ಭೇದವೆಂದರೆ ಅಲ್ಲಿ ಒಂದೊಂದು ಹರಳು ನೂರಾರು ಕಿಲೋ ತೂಗುತ್ತದೆ. ಇಂಥ ಹರಳುಗಳ ಮೂಲಕ ಹಾಯಿಸಿ 1.06 ಮೈಕ್ರಾನಿನ ಅವಕೆಂಪು ಬೆಳಕನ್ನು 0.35 ಮೈಕ್ರಾನಿನ ನೇರಳಾತೀತ ಬೆಳಕನ್ನಾಗಿ ಮಾಡಬಹುದು. ದೊಡ್ಡ ಲೇಸರುಗಳಲ್ಲಿ ಇದನ್ನು ಹೆಚ್ಚು ನಷ್ಟವಿಲ್ಲದೆ ಮಾಡಬಹುದೆಂದು ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದವರು 1980ರಲ್ಲಿ ತೋರಿಸಿಕೊಟ್ಟರು. 1984ರಲ್ಲಿ ‘ಶಿವ’ನ ನಂತರ ಬಂದ ‘ನೋವಾ’ ಲೇಸರು ಈ ಹರಳುಗಳನ್ನು ಧರಿಸಿಯೇ ಬಂದಿತು. ಸೋಲಿನ ಕಾರಣವನ್ನು ಮುಚ್ಚಿಡದೆ ಅಳೆದು ಬರೆದಿಟ್ಟುದರಿಂದಲೇ ಮುಂದಿನವರಿಗೆ ದಾರಿ ಸಿಕ್ಕಿತು ಎಂಬುದನ್ನು ಇಲ್ಲಿ ಗಮನಿಸಬೇಕು.

ಆದರೂ ಬಿಸಿ ಎಲೆಕ್ಟ್ರಾನುಗಳು ಪೂರ್ತಿಯಾಗಿ ಹೋಗಲಿಲ್ಲ. 192 ಕಿರಣಗಳುಳ್ಳ ಇಂದಿನ ಮಹಾಲೇಸರು, ‘ನ್ಯಾಷನಲ್ ಇಗ್ನಿಷನ್ ಫೆಸಿಲಿಟಿ’, 2009ರಲ್ಲಿ ಲಿವರ್‌ಮೋರಿನಲ್ಲಿಯೇ ಕೆಲಸಕ್ಕೆ ತೊಡಗಿತು. ಅದರ ಮೊದಮೊದಲ ಪ್ರಯೋಗಗಳಲ್ಲಿ ಚಿನ್ನದ ಗೂಡಿನೊಳಗೆ ಹೀಲಿಯಂ ಅನಿಲವನ್ನು ದಟ್ಟವಾಗಿ ತುಂಬುತ್ತಿದ್ದರು. ಅದರಿಂದಲೂ ಬಿಸಿ ಎಲೆಕ್ಟ್ರಾನುಗಳು ಹುಟ್ಟುತ್ತಿದ್ದುವು. ಅನಿಲವನ್ನು ಬಹಳ ಕಡಿಮೆ ಮಾಡಿದ ಮೇಲೆ ಅವು ತಗ್ಗಿದುವು.

ನಾಲ್ಕನೆಯ ದಾರಿಗೆ ಪರಿಹಾರ ಚಿಪ್ಪಿನಲ್ಲಿಯೇ ಇದೆ. ಕಾದ ಚಿನ್ನದಿಂದ ಹೊರಡುವ ಕ್ಷ-ಕಿರಣಗಳಲ್ಲಿ ಬಹುಪಾಲು ಚಿಪ್ಪಿನ ಹೊರಮೈಯಲ್ಲಿಯೇ ಹೀರಿಕೊಳ್ಳಲ್ಪಡುತ್ತವೆ. ಕೆಲವು ಮಾತ್ರ ಹೆಚ್ಚು ತೀಕ್ಷ್ಣವಾಗಿದ್ದು ಚಿಪ್ಪನ್ನು ದಾಟಿ ಒಳಗಿನ ಹಿಮದ ಕಡೆಗೆ ಸಾಗುತ್ತವೆ. ಅವುಗಳನ್ನು ತಡೆಯಲು ಪ್ಲಾಸ್ಟಿಕ್ ಚಿಪ್ಪಿನ ಕೆಲವು ಪದರಗಳಲ್ಲಿ ಸಿಲಿಕಾನ್ ಅಥವಾ ಜರ್ಮೇನಿಯಮನ್ನು, ವಜ್ರದ ಚಿಪ್ಪಿನಲ್ಲಿ ಟಂಗ್‌ಸ್ಟನ್ನನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸುತ್ತಾರೆ. ಬಿಸಿಲಿಗೆ ಹಿಡಿದ ಕೊಡೆಯಂತೆ ಈ ಭಾರವಾದ ಪರಮಾಣುಗಳು ಇಂಧನವನ್ನು ಕಾಯುತ್ತವೆ.

ಬೇಕಾದ ಬಿಸಿಯೂ ಒಂದುಂಟು

ಇಷ್ಟೆಲ್ಲ ಹೇಳಿದ ಮೇಲೆ, ಇಂಧನದ ಹತ್ತಿರ ಬಿಸಿಯ ಸುಳಿವೇ ಇರಬಾರದೆಂದು ನೀವು ತಿಳಿಯಬಹುದು. ಹಾಗಲ್ಲ. ಟ್ರೀಷಿಯಂ ವಿಕಿರಣಶೀಲ ವಸ್ತು, 12.3 ವರ್ಷಗಳಲ್ಲಿ ಅದರ ಅರ್ಧ ಭಾಗ ಅಳಿಯುತ್ತದೆ. ಹೀಗೆ ಅಳಿಯುವಾಗ ಅದು ತನ್ನೊಳಗೇ ಅತಿ ಮಂದವಾದ ಬಿಸಿಯನ್ನು ಹುಟ್ಟಿಸುತ್ತದೆ. ಹಿಮದ ಪದರ ಎಲ್ಲಿ ದಪ್ಪವಾಗಿರುವುದೋ ಅಲ್ಲಿ ಈ ಬಿಸಿ ಸ್ವಲ್ಪ ಹೆಚ್ಚು. ಅಲ್ಲಿಯ ಹಿಮ ಆವಿಯಾಗಿ, ತೆಳುವಾಗಿ ತಂಪಾಗಿರುವ ಕಡೆಯಲ್ಲಿ ಮತ್ತೆ ಹೆಪ್ಪುಗಟ್ಟುತ್ತದೆ. ಹೀಗೆ ಪದರವು ತನ್ನ ಉಬ್ಬುತಗ್ಗುಗಳನ್ನು ತಾನೇ ಸರಿಪಡಿಸಿಕೊಂಡು ಸಮನಾಗುತ್ತದೆ. ಯಾವ ಕುಶಲಕರ್ಮಿಯ ಕೈಗೂ ಎಟುಕದ ಕೆಲಸವನ್ನು ಈ ಮಂದವಾದ ಬಿಸಿ ಮಾಡುತ್ತದೆ. ಬಿಸಿ ತಾನಾಗಿ ಶತ್ರುವಲ್ಲ. ಅದರ ಹೊತ್ತೂ ಅಳತೆಯೂ ತಪ್ಪಿದಾಗ ಮಾತ್ರ ಶತ್ರುವಾಗುತ್ತದೆ.

ಫಲವೆಷ್ಟು?

2022ರ ಡಿಸೆಂಬರ್ 5ರಂದು ಈ 192 ಕಿರಣಗಳು ಗುರಿಗೆ 2.05 ಮೆಗಾಜೂಲ್ ಶಕ್ತಿಯನ್ನು ಕೊಟ್ಟಾಗ ಸಮ್ಮಿಲನದಿಂದ 3.15 ಮೆಗಾಜೂಲ್ ಹೊರಬಂದಿತು. ಕೊಟ್ಟ ಬೆಳಕಿಗಿಂತ ಹೆಚ್ಚಿನ ಶಕ್ತಿಯನ್ನು ಪ್ರಯೋಗಶಾಲೆಯ ಸಮ್ಮಿಲನವು ಹಿಂದಿರುಗಿಸಿದ್ದು ಅದೇ ಮೊದಲು.

ಆದರೆ ಲೆಕ್ಕವನ್ನು ಪೂರ್ತಿಯಾಗಿ ಮಾಡಬೇಕು. ಆ ಬೆಳಕನ್ನು ಹುಟ್ಟಿಸಲು ಲೇಸರು ವಿದ್ಯುತ್ ಜಾಲದಿಂದ ಸೆಳೆದುಕೊಂಡದ್ದು ಸುಮಾರು 300 ಮೆಗಾಜೂಲ್. ಮನೆಯ ಮೀಟರಿನ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 83 ಯೂನಿಟ್ ವ್ಯಯ. ಬಂದ ಫಲ ಒಂದು ಯೂನಿಟ್ಟಿಗೂ ಕಡಿಮೆ. ಆ ಪ್ರಯೋಗಶಾಲೆಯ ಮುಖ್ಯವಾದ ಹೊಣೆ ಅಮೆರಿಕದ ಅಣ್ವಸ್ತ್ರಗಳ ಪಾಲನೆಗೆ ಸಂಬಂಧಿಸಿದ್ದೆಂಬುದನ್ನೂ ಮರೆಯಲಾಗದು. ಮನೆಯ ದೀಪಕ್ಕೂ ಈ ಕಿಡಿಗೂ ನಡುವೆ ಇನ್ನೂ ಬಹುದೂರ ಉಂಟು.

1955ರಲ್ಲಿ ಜಿನೀವಾ ನಗರದಲ್ಲಿ ನಡೆದ ಪರಮಾಣುಶಕ್ತಿಯ ಶಾಂತಿಯುತ ಬಳಕೆಯ ಸಮ್ಮೇಳನಕ್ಕೆ ನಮ್ಮ ಹೋಮಿ ಭಾಭಾ ಅವರು ಅಧ್ಯಕ್ಷರಾಗಿದ್ದರು. ಸಮ್ಮಿಲನ ಶಕ್ತಿಯನ್ನು ಹತೋಟಿಯಲ್ಲಿಟ್ಟು ಪಡೆಯುವ ಮಾರ್ಗ ಇನ್ನು ಎರಡು ದಶಕಗಳೊಳಗೆ ದೊರೆಯುವುದೆಂದು ಅವರು ಅಲ್ಲಿ ನುಡಿದಿದ್ದರು. ಅವರ ಎಣಿಕೆಯ ಅವಧಿ ಮುಗಿದು ಎಷ್ಟೋ ದಶಕಗಳಾದುವು. ಆದರೆ ದಿಕ್ಕು ತಪ್ಪಿರಲಿಲ್ಲ. ಅವರು 1945ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿ ಅದೇ ವರ್ಷ ಮುಂಬಯಿಗೆ ತಂದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಇಂದು ಕೊಲಾಬಾದ ಕಡಲ ದಂಡೆಯಲ್ಲಿದೆ. ಅತಿತೀವ್ರವಾದ ಲೇಸರ್ ಬೆಳಕಿಗೆ ಸಿಕ್ಕ ವಸ್ತುವಿನಲ್ಲಿ ಬಿಸಿ ಎಲೆಕ್ಟ್ರಾನುಗಳು ಹೇಗೆ ಹುಟ್ಟುತ್ತವೆ, ಹೇಗೆ ಸಾಗುತ್ತವೆ ಎಂಬುದರ ಅಭ್ಯಾಸ ಅಲ್ಲಿಯೂ ನಡೆದಿದೆ. ನಮ್ಮ ಶಾಲೆಯ ಮಕ್ಕಳಿಗೆ ಈ ವಿಷಯ ದೂರದ್ದೇನಲ್ಲ. ಲೋಕಲ್ ಗಾಡಿಯಲ್ಲಿ ಕುಳಿತು ಹೋಗಿ ಮುಟ್ಟುವಷ್ಟು ಹತ್ತಿರದಲ್ಲಿದೆ.

ಈಗ ಆ ವಿದ್ಯಾರ್ಥಿನಿಗೆ ಪೂರ್ತಿ ಉತ್ತರವನ್ನು ಕೊಡಬಲ್ಲೆನು. ಉರಿಯಬೇಕಾದದ್ದನ್ನು ತಣ್ಣಗಿಡುವುದು ಉರಿಯನ್ನು ತಡೆಯಲೆಂದಲ್ಲ, ಕುಗ್ಗುವವರೆಗೆ ಕಾಯಲೆಂದು. ಮೊದಲೇ ಬಂದ ಬಿಸಿ ಇಂಧನವನ್ನು ಉರಿಸಲು ಸಾಲದು. ಕುಗ್ಗದಂತೆ ಮಾಡಲು ಮಾತ್ರ ಸಾಕು. “ಮೊದಲೇ ಕಾಸಿಟ್ಟರೆ ಏನಾಗುತ್ತದೆ?” ಎಂಬ ಅವಳ ಪ್ರಶ್ನೆಗೆ ‘ಶಿವ’ ಲೇಸರು ಕೊಟ್ಟ ಉತ್ತರವೂ ಇದೇ. ಅಂಥ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಬಲ್ಲ ಮಕ್ಕಳು ನಮ್ಮ ತರಗತಿಯಲ್ಲಿರುವರೆಂಬುದು ಈ ಉಪಾಧ್ಯಾಯನಿಗೆ ಸಂತೋಷದ ಸಂಗತಿ.